ಓಟಗಾರರಿಗೆ ಸೆಕೆಯ ಪಾಠ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳೇ. ಈ ಬಾರಿ ಡೊಂಬಿವಲಿ ಪೂರ್ವದಿಂದ ತಾಯಿಯೊಬ್ಬರು ಬೇರೆಯೇ ಪ್ರಶ್ನೆ ಕಳಿಸಿದ್ದಾರೆ. ಅವರ ಮಗನಿಗೆ ಐರೋಲಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದಾನೆ. ಇಷ್ಟು ದಿನ ನಸುಕಿನಲ್ಲಿ ಐದಕ್ಕೇ ಎದ್ದು ಓಡಿ ಬರುತ್ತಿದ್ದವನಿಗೆ, ನವರಾತ್ರಿ ಕಳೆದ ಮೇಲೆ ಅವನ ಕೋಚ್ ‘ಇನ್ನು ಎರಡು ವಾರ ಸಾಧ್ಯವಾದಾಗೆಲ್ಲ ಎಂಟು ಗಂಟೆಗೆ ಓಡು’ ಎಂದರಂತೆ. ‘ಆಕ್ಟೋಬರ್ ಬಿಸಿಲಲ್ಲಿ ಮನೆಯಿಂದ ಸ್ಟೇಷನ್‌ಗೆ ನಡೆಯುವುದೇ ಕಷ್ಟ. ಬೇಕೆಂದೇ ಬಿಸಿಲಲ್ಲಿ ಓಡಿಸುವುದು ಯಾವ ಸೀಮೆಯ ತರಬೇತಿ?’ ಎಂದು ಅವರು ಕೇಳಿದ್ದಾರೆ.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಬೆಳಗಿನ ಹೊತ್ತು ಠಾಣೆಯ ಉಪವನ ಕೆರೆಯ ಸುತ್ತ, ನವಿ ಮುಂಬೈಯ ಪಾಮ್ ಬೀಚ್ ರಸ್ತೆಯಲ್ಲಿ, ಖಾರ್ಘರ್‌ನ ಸೆಂಟ್ರಲ್ ಪಾರ್ಕಿನಲ್ಲಿ, ಕಲ್ಯಾಣದ ದುರ್ಗಾಡಿ ಕಡೆ ಹೋಗಿ ನೋಡಿ. ಬಣ್ಣಬಣ್ಣದ ಬೂಟು ತೊಟ್ಟ ನಮ್ಮವರು ಎಷ್ಟು ಮಂದಿ! ಹೋಟೆಲು, ಬ್ಯಾಂಕು, ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರೂ ಈಗ ‘ಹಾಫ್ ಮಾಡಿದೆ, ಫುಲ್ ಮಾಡಿದೆ’ ಎನ್ನುತ್ತಿದ್ದಾರೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯೋಣ.

ಒಂದೇ ಮಾತಿನಲ್ಲಿ ಉತ್ತರ ಬೇಕೆಂದರೆ: ಕೋಚ್ ಹೇಳಿದ್ದು ಹುಚ್ಚಲ್ಲ. ಅದಕ್ಕೆ ಶಾಸ್ತ್ರವಿದೆ. ಆದರೆ ಅರ್ಧಂಬರ್ಧ ತಿಳಿದುಕೊಂಡು ಮಾಡಿದರೆ ಪ್ರಾಣಕ್ಕೇ ಸಂಚಕಾರ.

ಮೈಯೊಳಗಿನ ಒಲೆ

ಓಡುವಾಗ ನಾವು ಖರ್ಚು ಮಾಡುವ ಶಕ್ತಿಯಲ್ಲಿ ಕಾಲನ್ನು ಮುಂದೆ ಒಯ್ಯಲು ಬಳಕೆಯಾಗುವುದು ನಾಲ್ಕನೆಯ ಒಂದು ಪಾಲೋ ಐದನೆಯ ಒಂದು ಪಾಲೋ ಅಷ್ಟೆ. ಉಳಿದದ್ದೆಲ್ಲ ಶಾಖ. 65 ಕಿಲೋ ತೂಕದ ಒಬ್ಬರು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡಿದರೆ ಆ ಗಂಟೆಯಲ್ಲಿ ಮೈಯಲ್ಲಿ ಸುಮಾರು 500 ಕಿಲೋಕ್ಯಾಲೊರಿಯಷ್ಟು ಶಾಖ ಹುಟ್ಟುತ್ತದೆ. ಅದಕ್ಕೆ ಹೊರಹೋಗುವ ದಾರಿಯೇ ಇಲ್ಲ ಎಂದಿಟ್ಟುಕೊಳ್ಳಿ. ಆರೇಳು ನಿಮಿಷಕ್ಕೊಮ್ಮೆ ಮೈಯ ಉಷ್ಣತೆ ಒಂದೊಂದು ಡಿಗ್ರಿ ಏರುತ್ತಾ ಹೋಗಿ, ಅರ್ಧ ಗಂಟೆಯೊಳಗೆ ಕಥೆ ಮುಗಿದೇಹೋಗುತ್ತದೆ!

ಹಾಗಾಗದಂತೆ ನಮ್ಮನ್ನು ಕಾಯುವುದು ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಇಲ್ಲಿ ‘ಆವಿಯಾದರೆ’ ಎಂಬ ಮಾತನ್ನು ಗಮನಿಸಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ತಂಪು ಸಿಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಬಾಲ್ಕನಿಯಲ್ಲಿ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದಲ್ಲ, ನಮ್ಮ ಚರ್ಮದ ಮೇಲಿನ ಬೆವರಿನದೂ ಅದೇ ಪಾಡು. ಗಾಳಿಯಲ್ಲಿ ಆಗಲೇ ನೀರು ತುಂಬಿಕೊಂಡಿದ್ದರೆ ಅದು ಹೊಸ ನೀರನ್ನು ಹೀರುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಬೇರೆಯೇ ಪದವಿದೆ. ಬಿಸಿಲು ಬೇರೆ, ಸೆಕೆ ಬೇರೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದವರು 42 ಡಿಗ್ರಿ ಕಂಡವರು. ಅವರೇ ಇಲ್ಲಿ 34 ಡಿಗ್ರಿಗೆ ‘ಏನ್ರೀ ಇದು, ಉಸಿರು ಕಟ್ಟತದ’ ಎನ್ನುತ್ತಾರೆ. ಉಡುಪಿ, ಮಂಗಳೂರಿನವರು ಹುಟ್ಟಿದಾಗಿನಿಂದ ಸೆಕೆಯನ್ನು ಬಲ್ಲರು. ಅಮೆರಿಕದ ನೌಕಾಪಡೆ ಹೊಸ ಸೈನಿಕರ ತರಬೇತಿಯಲ್ಲಿ ಶಾಖದಿಂದ ಆಗುತ್ತಿದ್ದ ಅನಾಹುತ ತಡೆಯಲು 1950ರ ದಶಕದಲ್ಲಿ ಒಂದು ಅಳತೆ ಮಾಡಿಕೊಂಡಿತು. ಅದರಲ್ಲಿ ನೂರಕ್ಕೆ 70 ಪಾಲು ತೂಕ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ, 20 ಪಾಲು ಬಿಸಿಲಿನ ಝಳಕ್ಕೆ, ನಾವು ದಿನವೂ ಸುದ್ದಿಯಲ್ಲಿ ಕೇಳುವ ಬರಿಯ ಉಷ್ಣಾಂಶಕ್ಕೆ ಬರೀ 10 ಪಾಲು. ಅಂದರೆ ಸೆಕೆಗೇ ಮುಕ್ಕಾಲು ಮಾರ್ಕು. ದೊಡ್ಡ ಓಟಗಳ ವೈದ್ಯರು ಇಂದಿಗೂ ನೋಡುವುದು ಇದೇ ಅಳತೆಯನ್ನು.

ಬೆವರು ಕೆಲಸ ಮಾಡದಿದ್ದಾಗ ಹೃದಯದ ಮೇಲೆ ಹೊರೆ ಬೀಳುತ್ತದೆ. ಕಾಲಿನ ಸ್ನಾಯುಗಳಿಗೂ ರಕ್ತ ಬೇಕು, ಶಾಖವನ್ನು ಹೊರಹಾಕಲು ಚರ್ಮಕ್ಕೂ ಬೇಕು. ಇರುವುದು ಅಷ್ಟೇ ರಕ್ತ. ಅದರಲ್ಲೂ ಬೆವರಿನ ರೂಪದಲ್ಲಿ ನೀರು ಸೋರಿಹೋಗುತ್ತಾ ಇರುತ್ತದೆ. ಅದೇ ವೇಗದಲ್ಲಿ ಓಡುತ್ತಿದ್ದರೂ ನಾಡಿ ಬಡಿತ ಮಾತ್ರ ಏರುತ್ತಲೇ ಹೋಗುವುದು ಇದರಿಂದಲೇ.

ಕೋಲಾರದ ಪಾತಾಳದಲ್ಲಿ

ಮನುಷ್ಯನ ಮೈ ಶಾಖಕ್ಕೆ ‘ಪಳಗುತ್ತದೆ’ ಎಂಬುದನ್ನು ಲೆಕ್ಕವಿಟ್ಟು ಮೊದಲಿಗೆ ಕಂಡುಕೊಂಡವರು ಕ್ರೀಡೆಯವರಲ್ಲ, ಗಣಿಯವರು. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ‍್ಯಾಂಡ್ ಚಿನ್ನದ ಗಣಿಗಳು ಆಳಕ್ಕಿಳಿದಂತೆ 1920ರ ದಶಕದಲ್ಲಿ ಕೆಲಸಗಾರರು ಶಾಖಾಘಾತದಿಂದ ಸಾಯತೊಡಗಿದರು. ಸತ್ತವರಲ್ಲಿ ಹೆಚ್ಚಿನವರು ಹೊಸಬರು. ಡ್ರಿಯೋಸ್ಟಿ ಎಂಬ ವೈದ್ಯರು 1930ರ ದಶಕದಲ್ಲಿ ಹೊಸಬರನ್ನು ಬಿಸಿಯಾದ, ತೇವ ತುಂಬಿದ ಕೋಣೆಯಲ್ಲಿ ಕೆಲಸ ಮಾಡಿಸಿ ಅವರ ಮೈಯ ಉಷ್ಣತೆ ನೋಡಿದರು. ದಿನ ಕಳೆದಂತೆ ಅದೇ ಕೆಲಸಕ್ಕೆ ಮೈ ಬಿಸಿಯಾಗುವುದು ಕಡಿಮೆಯಾಗುತ್ತಿತ್ತು. ಹಂತಹಂತವಾಗಿ ಪಳಗಿಸಿ ಆಮೇಲೆ ಆಳಕ್ಕೆ ಇಳಿಸುವ ಪದ್ಧತಿ ಹುಟ್ಟಿದ್ದು ಹೀಗೆ. ಗಣಿಯ ಮಾಲೀಕರು ಇದನ್ನು ಮಾಡಿದ್ದು ಕರುಣೆಯಿಂದ ಎಂದು ಭಾವಿಸಬೇಕಾಗಿಲ್ಲ. ಚಿನ್ನ ಬೇಕಿತ್ತು, ಸತ್ತ ಆಳು ಅಗೆಯುವುದಿಲ್ಲ.

ನಮ್ಮ ಕರ್ನಾಟಕದ ಕೆಜಿಎಫ್ ಕೂಡ ಈ ಕಥೆಯಲ್ಲಿದೆ. ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ದಾಟುತ್ತಿತ್ತು. ಕೋಲಾರದಲ್ಲಿ ಕೆಲಸ ಮಾಡಿದ ಆಂಟನಿ ಕ್ಯಾಪ್ಲನ್ ಎಂಬ ವೈದ್ಯರು ನೆಲದಡಿಯಲ್ಲಿ ಕುಸಿದುಬೀಳುತ್ತಿದ್ದ ಕೆಲಸಗಾರರ ಕುರಿತು 1940ರ ದಶಕದಲ್ಲಿ ವಿಶ್ಲೇಷಣೆಯೊಂದನ್ನು ಪ್ರಕಟಿಸಿದರು. ಆಮೇಲೆ ಇಂಗ್ಲೆಂಡ್-ವೇಲ್ಸ್ ಕಡೆ ಹೋಗಿ, ಕಲ್ಲಿದ್ದಲು ಗಣಿಯವರ ಶ್ವಾಸಕೋಶದ ಕಾಯಿಲೆಯೊಂದಕ್ಕೆ ತಮ್ಮ ಹೆಸರನ್ನೇ ಬಿಟ್ಟುಹೋದವರು ಇವರೇ. ವೈದ್ಯವಿದ್ಯಾರ್ಥಿಗಳು ಇಂದಿಗೂ ‘ಕ್ಯಾಪ್ಲನ್ ಸಿಂಡ್ರೋಮ್’ ಎಂದು ಬಾಯಿಪಾಠ ಮಾಡುತ್ತಾರೆ. ಆದರೆ ಕೋಲಾರದ ಬಿಸಿ ಸುರಂಗದಲ್ಲಿ ಅವರು ಮಾಡಿದ ಕೆಲಸ ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು? ಗಣಿ 2001ರಲ್ಲಿ ಮುಚ್ಚಿತು. ಇಂದು ಓಟದ ಕೋಚ್‌ಗಳು ‘ಹೀಟ್ ಬ್ಲಾಕ್’ ಎಂದು ಹೇಳುವ ಹತ್ತು-ಹದಿನಾಲ್ಕು ದಿನದ ಅಭ್ಯಾಸದ ಬೇರು ಇಂಥ ಗಣಿಗಳಲ್ಲೇ ಇದೆ.

ಮೈ ಏನನ್ನು ಕಲಿಯುತ್ತದೆ?

ದಿನವೂ ಒಂದು ಗಂಟೆಯಿಂದ ಒಂದೂವರೆ ಗಂಟೆ, ಚೆನ್ನಾಗಿ ಬೆವರಿಳಿಯುವಂತೆ, ಮೈಯ ಒಳಗಿನ ಉಷ್ಣತೆ 38.5 ಡಿಗ್ರಿಯ ಆಸುಪಾಸಿಗೆ ಏರುವಂತೆ ಶಾಖದಲ್ಲಿ ಕೆಲಸ ಮಾಡಿದರೆ ಮೊದಲು ಬದಲಾಗುವುದು ರಕ್ತ. ಮೂರು-ನಾಲ್ಕು ದಿನಗಳಲ್ಲೇ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಹೆಚ್ಚುತ್ತದೆ. ರಕ್ತದ ಒಟ್ಟು ಪ್ರಮಾಣ ಹಿಗ್ಗಿದ್ದರಿಂದ ಹೃದಯಕ್ಕೆ ಸ್ವಲ್ಪ ನಿರಾಳ. ಅದೇ ವೇಗದ ಓಟಕ್ಕೆ ನಾಡಿ ಬಡಿತ ನಿಮಿಷಕ್ಕೆ ಹತ್ತು-ಹದಿನೈದರಷ್ಟು ಇಳಿಯಬಹುದು. ಬೆವರಿನ ಬದಲಾವಣೆಗೆ ಇನ್ನೂ ಒಂದು ವಾರ ಬೇಕು. ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಕಪ್ಪು ಬನಿಯನ್ನಿನ ಮೇಲೆ ಒಣಗಿದ ಉಪ್ಪಿನ ಬಿಳಿ ಗೆರೆಗಳು ಎರಡನೆಯ ವಾರಕ್ಕೆ ಮಸುಕಾಗುವುದನ್ನು ಗಮನವಿಟ್ಟು ನೋಡಿದವರು ಹೇಳುತ್ತಾರೆ. ವಿಶ್ರಾಂತಿಯಲ್ಲಿರುವಾಗಿನ ಮೈಯ ಉಷ್ಣತೆಯೂ ಕೂದಲೆಳೆಯಷ್ಟು ಇಳಿಯುತ್ತದೆ, ಅಂದರೆ ಒಲೆ ಹೊತ್ತಿಸುವ ಮೊದಲೇ ಪಾತ್ರೆ ಸ್ವಲ್ಪ ತಂಪಾಗಿರುತ್ತದೆ.

ಒಟ್ಟು ಲಾಭದಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಸಿಗುತ್ತದೆ, ಪೂರ್ತಿಯಾಗಲು ಎರಡು ವಾರ. ಬಿಟ್ಟರೆ ಕಳೆದುಹೋಗುವುದೂ ಅಷ್ಟೇ ಖಚಿತ. ಅಭ್ಯಾಸ ನಿಲ್ಲಿಸಿದ ಮೇಲೆ ದಿನಕ್ಕೆ ಸುಮಾರು ಶೇ. 2.5ರಂತೆ ಕರಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದವರು ಲೆಕ್ಕ ಹಾಕಿದ್ದಾರೆ. ದೀಪಾವಳಿಗೆಂದು ಮಲೆನಾಡಿನ ಊರಿಗೆ ಹೋಗಿ ಎರಡು ವಾರ ತಂಪಾಗಿ ಕೂತು ಬಂದರೆ ಗಳಿಸಿದ್ದರಲ್ಲಿ ಮೂರನೆಯ ಒಂದು ಪಾಲು ಹೋಯಿತೆಂದೇ ಅರ್ಥ. ಒಂದು ಸಮಾಧಾನವಿದೆ: ಎರಡನೆಯ ಸಲ ಕಲಿಯುವಾಗ ಮೈ ಬೇಗ ಕಲಿಯುತ್ತದೆ, ನಾಲ್ಕೈದು ದಿನ ಸಾಕು.

‘ಇಲ್ಲೇ ಹುಟ್ಟಿ ಬೆಳೆದವರಿಗೆ ಇದೆಲ್ಲ ಯಾಕೆ, ನಾವು ಆಗಲೇ ಪಳಗಿಲ್ಲವೇ?’ ಎಂದು ಕೇಳಬಹುದು. ಅರ್ಧ ನಿಜ. ಟಿಟ್ವಾಳಾ-ಕಲ್ಯಾಣದ ನಡುವೆ ಹಳಿಯ ಮೇಲೆ ಕೆಲಸ ಮಾಡುವ ಗ್ಯಾಂಗ್‌ಮನ್, ಡೊಂಬಿವಲಿ ಎಂಐಡಿಸಿಯ ಬಾಯ್ಲರ್ ಪಕ್ಕ ನಿಲ್ಲುವವರು, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ತಿರುಗುವವರು ಪಳಗಿದ್ದಾರೆ. ಆದರೆ ಎಸಿ ಆಫೀಸಿನಲ್ಲಿ ಕೂತು, ಎಸಿ ಲೋಕಲ್ಲಿನಲ್ಲಿ ಬಂದು, ಎಸಿ ಕೋಣೆಯಲ್ಲಿ ಮಲಗಿ, ಸೂರ್ಯ ಹುಟ್ಟುವ ಮೊದಲೇ ಓಡಿ ಮುಗಿಸುವವನು ಇರುವುದು ಬೇರೆಯೇ ಹವಾಮಾನದಲ್ಲಿ. ವಿಳಾಸ ಮಾತ್ರ ಡೊಂಬಿವಲಿ.

ಜನವರಿಗೆ ಬಿಸಿಲಿನ ಅಭ್ಯಾಸವೇಕೆ?

ಇದರ ಬಗ್ಗೆ ಕೋಚ್‌ಗಳಲ್ಲೇ ಎರಡು ಅಭಿಪ್ರಾಯ. 2004ರಲ್ಲಿ ಶುರುವಾದ ಮುಂಬೈ ಮ್ಯಾರಥಾನ್ ಈಗ ನಡೆಯುವುದು ಜನವರಿಯಲ್ಲಿ, ಇಲ್ಲಿಯ ಮಟ್ಟಿಗೆ ಅತಿ ತಂಪಾದ ತಿಂಗಳು. ಇತ್ತೀಚಿನ ವರ್ಷಗಳಲ್ಲಿ ಪೂರ್ಣ ಮ್ಯಾರಥಾನ್ ಬೆಳಗ್ಗೆ ಐದರ ಸುಮಾರಿಗೇ ಸಿಎಸ್‌ಎಂಟಿಯಿಂದ ಹೊರಡುತ್ತದೆ. ಮೂರು ಗಂಟೆಯಲ್ಲಿ ಮುಗಿಸುವವರು ಎಂಟಕ್ಕೆ ಚಹಾ ಕುಡಿಯುತ್ತಿರುತ್ತಾರೆ. ಅವರಿಗೆ ಇದರ ಅಗತ್ಯ ಅಷ್ಟಾಗಿ ಇಲ್ಲ. ಐದು-ಐದೂವರೆ ಗಂಟೆ ಓಡುವವರ ಲೆಕ್ಕ ನೋಡಿ. ಅವರು 35 ಕಿಲೋಮೀಟರ್ ದಾಟಿ ಪೆಡರ್ ರಸ್ತೆಯ ಏರನ್ನು ಹತ್ತುವಾಗ ಒಂಬತ್ತು ಗಂಟೆ ದಾಟಿರುತ್ತದೆ. ಬಿಸಿಲು ನೆತ್ತಿಗೇರುತ್ತಿರುತ್ತದೆ, ಮೈಯಲ್ಲಿ ನೀರೂ ಉಪ್ಪೂ ಕಡಿಮೆಯಾಗಿರುತ್ತವೆ. ಅತಿ ಹೆಚ್ಚು ಹೊತ್ತು ಶಾಖವನ್ನು ತಿನ್ನುವವನು ಅತಿ ನಿಧಾನದ ಓಟಗಾರ! ನಮ್ಮ ಅಭಿಪ್ರಾಯ ಕೇಳಿದರೆ, ಈ ತರಬೇತಿ ಬೇಕಾಗಿರುವುದು ಪದಕ ಗೆಲ್ಲುವವರಿಗಿಂತ ಹೆಚ್ಚಾಗಿ ಇಂಥ ಸಾಮಾನ್ಯ ಓಟಗಾರರಿಗೇ.

ನಮ್ಮ ಕಡೆಯ ಹವೆಯಲ್ಲೂ ಒಂದೊಂದು ಊರಿಗೆ ಒಂದೊಂದು ಗುಣ. ಸಮುದ್ರದ ಗಾಳಿ ಕೊಲಾಬಾಕ್ಕೆ ಮೊದಲು ಸಿಗುತ್ತದೆ, ಕಲ್ಯಾಣಕ್ಕೆ ಬರುವಾಗ ತಡವಾಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಮೂಡಣ ಗಾಳಿ ಬಲವಾಗಿ, ಸಮುದ್ರದ ಗಾಳಿ ಏಳುವುದು ತಡವಾದ ದಿನ ಕಲ್ಯಾಣ-ಡೊಂಬಿವಲಿಯಲ್ಲಿ ಪಾದರಸ 40 ದಾಟುವುದುಂಟು. ಅದೇ ದಿನ ದಕ್ಷಿಣ ಮುಂಬೈಯಲ್ಲಿ ಅದು ಹಲವು ಡಿಗ್ರಿ ಕಡಿಮೆ ಇರುತ್ತದೆ. ನವಿ ಮುಂಬೈಯಲ್ಲಿ ಖಾಡಿಯ ತೇವ. ಹೀಗಾಗಿ ಏಪ್ರಿಲ್‌ನಲ್ಲಿ ಹೊಸದಾಗಿ ಬಿಸಿಲಿಗೆ ಪಳಗಿಸುತ್ತೇನೆ ಎನ್ನುವ ಕೋಚ್ ಸಿಕ್ಕಿದರೆ ಕೈಮುಗಿದು ಮನೆಗೆ ಬನ್ನಿ. ಆಗಸ್ಟಿನಲ್ಲಿ ಠಾಣೆ ಪಾಲಿಕೆಯ ವರ್ಷಾ ಮ್ಯಾರಥಾನ್ ಓಡಿ, ಮಳೆ ನಿಂತ ಮೇಲೆ ಬರುವ ಆಕ್ಟೋಬರಿನ ಹದವಾದ ಸೆಕೆಯಲ್ಲಿ ಎರಡು ವಾರ ಪಳಗಿ, ಡಿಸೆಂಬರಿನ ಕೊನೆಗೆ ಅದನ್ನು ಮತ್ತೊಮ್ಮೆ ನೆನಪು ಮಾಡಿಕೊಳ್ಳುವುದು ಇಲ್ಲಿಗೆ ಹೊಂದುವ ಲೆಕ್ಕಾಚಾರ. ಆ ತಾಯಿಯ ಮಗನ ಕೋಚ್ ಹಿಡಿದಿರುವ ದಾರಿಯೂ ಇದೇ ಇರಬೇಕು.

ತಿಳಿದ ಕೋಚ್‌ಗಳು ಮಾಡುವುದು ಹೀಗೆ. ಆರೋಗ್ಯವಾಗಿ, ತಿಂಗಳುಗಟ್ಟಲೆ ಓಡಿ ಅಭ್ಯಾಸವಿರುವವರನ್ನೇ ಆರಿಸುತ್ತಾರೆ. ಮೊದಲ ದಿನ 30-40 ನಿಮಿಷ, ಆಮೇಲೆ ದಿನಕ್ಕೆ ಹತ್ತು ನಿಮಿಷ ಹೆಚ್ಚಿಸಿ ಒಂದು ಗಂಟೆ, ಒಂದೂಕಾಲು ಗಂಟೆ. ವೇಗವನ್ನು ಮರೆತುಬಿಡಿ ಎನ್ನುತ್ತಾರೆ, ಗಡಿಯಾರದಲ್ಲಿ ನಾಡಿಯನ್ನು ಮಾತ್ರ ನೋಡಬೇಕು. ಐದು ಗಂಟೆಯ ತಂಪಿನಲ್ಲಿ ಯಾವ ನಾಡಿ ಬಡಿತಕ್ಕೆ ಓಡುತ್ತಿದ್ದರೋ ಅದೇ ಬಡಿತ. ವೇಗ ಕಿಲೋಮೀಟರಿಗೆ ಒಂದು ನಿಮಿಷ ಕಡಿಮೆಯಾದರೂ ಬೇಸರವಿಲ್ಲ, ನಡೆದರೂ ಅವಮಾನವಿಲ್ಲ. ಜೋರಿನ ಓಟ, ಏರಿನ ಓಟಗಳನ್ನು ಆ ಎರಡು ವಾರವೂ ನಸುಕಿನ ತಂಪಿನಲ್ಲೇ ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ಬಿಸಿಲಲ್ಲಿ ಜೋರಾಗಿ ಓಡಿದರೆ ಕಾಲು ಏನನ್ನೂ ಕಲಿಯದೆ ಬರೀ ದಣಿಯುತ್ತದೆ. ದಾರಿಯ ಆಯ್ಕೆಯಲ್ಲೂ ಜಾಣತನವಿದೆ. ಪಾಮ್ ಬೀಚ್ ರಸ್ತೆಯಲ್ಲಿ ಬೇಲಾಪುರದಿಂದ ವಾಶಿಯವರೆಗೆ ನೇರ ಓಡಿಹೋದರೆ ತಲೆ ಸುತ್ತಿದಾಗ ಮನೆ ಎಂಟು ಕಿಲೋಮೀಟರ್ ದೂರ. ಒಂದೇ ಕಿಲೋಮೀಟರಿನ ಸುತ್ತು, ನೆರಳಿರುವ ಒಂದು ಮೂಲೆ, ಅಲ್ಲಿ ನೀರಿನ ಕ್ಯಾನು, ಜೊತೆಗೊಬ್ಬರು, ಕಿಸೆಯಲ್ಲಿ ರಿಕ್ಷಾಕ್ಕೆ ದುಡ್ಡು. ಇಷ್ಟಿದ್ದರೆ ಸರಿ.

ಎಂಟೂಕಾಲರ ಲೋಕಲ್ ಹಿಡಿಯುವವರು ವಾರದ ದಿನಗಳಲ್ಲಿ ಎಂಟಕ್ಕೆ ಓಡುವುದು ಹೇಗೆ? ಅಂಥವರಿಗೆ ಬೇರೆ ಉಪಾಯಗಳಿವೆ. ಮನೆಯಲ್ಲೇ ನಿಂತ ಸೈಕಲ್ ತುಳಿಯುವವರು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ 45 ನಿಮಿಷ ತುಳಿಯುತ್ತಾರೆ, ಮನೆಯಲ್ಲಿ ಇನ್ನೊಬ್ಬರಿರುವಾಗ ಮಾತ್ರ. ನ್ಯೂಜಿಲೆಂಡಿನಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಓಟದ ನಂತರ ಸೌನಾ ಕೋಣೆಯಲ್ಲಿ ಕೂರಿಸಿ ನೋಡಿತ್ತು. ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದವರು 2016ರ ಹೊತ್ತಿಗೆ ಇನ್ನೂ ಸುಲಭದ ದಾರಿ ತೋರಿಸಿದರು: ತಂಪಿನಲ್ಲಿ ಓಡಿ, ಕೂಡಲೇ 40 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ 40 ನಿಮಿಷ ಮುಳುಗಿ ಕೂರುವುದು. ಆರು ದಿನಕ್ಕೇ ಫಲ ಕಂಡಿತು. ಓದಿದಾಗ ನಗು ಬಂತು. ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ತೊಟ್ಟಿ ಎಲ್ಲಿಂದ ತರೋಣ! ನಮ್ಮದು ಬಕೆಟ್ಟು-ತಂಬಿಗೆಯ ಸಂಸಾರ. ತಂಬಿಗೆಯಲ್ಲಿ ಬಿಸಿನೀರು ಹೊಯ್ದುಕೊಂಡರೆ ಮೈಯ ಒಳಗಿನ ಉಷ್ಣತೆ ಅಷ್ಟು ಏರುವುದಿಲ್ಲ. ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಓಡುವುದಂತೂ ಬೇಡವೇ ಬೇಡ. ನಮ್ಮ ತೇವದ ಗಾಳಿಯಲ್ಲಿ ಅದು ಕುಕ್ಕರಿನ ಸೀಟಿ ಬಿಗಿದಂತೆ.

ದೊಡ್ಡ ಕ್ರೀಡಾಪಟುಗಳೂ ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು ಈಚೆಗೆ. 2015ರ ಬೀಜಿಂಗ್ ವಿಶ್ವ ಅಥ್ಲೆಟಿಕ್ಸ್‌ಗೆ ಬಂದವರಲ್ಲಿ ಸಮೀಕ್ಷೆಗೆ ಉತ್ತರಿಸಿದ ನೂರರಲ್ಲಿ 15 ಮಂದಿ ಮಾತ್ರ ಶಾಖಕ್ಕೆ ಪಳಗಿ ಬಂದಿದ್ದರು. 2019ರ ದೋಹಾ ಕೂಟದ ಹೊತ್ತಿಗೆ ರಸ್ತೆ ಓಟ-ನಡಿಗೆಯವರಲ್ಲಿ ಅದು ನೂರಕ್ಕೆ 60 ದಾಟಿತ್ತು. ಅಷ್ಟಾದರೂ ದೋಹಾದ ಮಹಿಳಾ ಮ್ಯಾರಥಾನ್ ನಡುರಾತ್ರಿ, 32 ಡಿಗ್ರಿಯ ಸೆಕೆಯಲ್ಲಿ ಹೊರಟಾಗ 68 ಮಂದಿಯಲ್ಲಿ ಗುರಿ ಮುಟ್ಟಿದವರು 40 ಮಾತ್ರ. ಆ ಬಿಸಿಗೆ ಹೆದರಿಯೇ ಟೋಕಿಯೋ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಉತ್ತರದ ಸಪ್ಪೊರೊ ನಗರಕ್ಕೆ ಒಯ್ದರು.

ಹೆಚ್ಚು ಬೆವರಿದರೆ ಹೆಚ್ಚು ನೀರು

ಇನ್ನು ಒಂದು ತಪ್ಪು ತಿಳಿವಳಿಕೆ ಬಹಳ ಹಳೆಯದು. ‘ಬಿಸಿಲಿಗೆ ಪಳಗಿದವನಿಗೆ ನೀರು ಬೇಡ’ ಎಂದು ಹಳೆಯ ಕಾಲದ ಮೇಷ್ಟ್ರುಗಳು ಮಕ್ಕಳನ್ನು ಬಾಯಾರಿಸಿ ಓಡಿಸುತ್ತಿದ್ದರು. ನಿಜ ಇದಕ್ಕೆ ತಿರುಗುಮುರುಗು. ಪಳಗಿದ ಮೈ ಹೆಚ್ಚು ಬೆವರುತ್ತದೆ, ಆದ್ದರಿಂದ ಅದಕ್ಕೆ ಹೆಚ್ಚು ನೀರೇ ಬೇಕು.

ಅಮೆರಿಕದ ಆಲ್ಬರ್ಟೊ ಸಲಜಾರ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಿದ್ಧರಾಗುವಾಗ ಅಲ್ಲಿಯ ಸೇನೆಯ ನೇಟಿಕ್ ಪ್ರಯೋಗಾಲಯದವರು ಅವರನ್ನು ಪರೀಕ್ಷಿಸಿದರು. ಅವರ ಬೆವರು ಗಂಟೆಗೆ ಸುಮಾರು 3.7 ಲೀಟರ್! ಓಡುವವನ ಹೊಟ್ಟೆ ಗಂಟೆಗೆ ಒಂದು ಲೀಟರ್ ನೀರು ತಡೆದುಕೊಂಡರೆ ದೊಡ್ಡದು. ಎಷ್ಟು ಕುಡಿದರೂ ಲೆಕ್ಕ ಸರಿಹೋಗದ ಮೈ ಅದು. ಎಲ್ಲ ಸಿದ್ಧತೆಯ ನಂತರವೂ ಓಟದಲ್ಲಿ ಐದು ಕಿಲೋಗೂ ಮಿಕ್ಕಿ ತೂಕ ಕಳೆದುಕೊಂಡು ಅವರು 15ನೆಯವರಾಗಿ ಮುಗಿಸಿದರು. ನಮ್ಮವರೇ ಆದ ಕೇರಳದ ಓ.ಪಿ. ಜೈಷಾ 2015ರಲ್ಲಿ ಬೀಜಿಂಗ್‌ನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಓಡಿದವರು. ಮರುವರ್ಷ ರಿಯೊ ಒಲಿಂಪಿಕ್ಸ್‌ನ ಬಿಸಿಲಲ್ಲಿ 2 ಗಂಟೆ 47 ನಿಮಿಷಕ್ಕೆ 89ನೆಯವರಾಗಿ ಬಂದು, ಗುರಿ ಮುಟ್ಟಿ ಕುಸಿದುಬಿದ್ದರು. ದಾರಿಯಲ್ಲಿ ತಮಗೆ ಬೇಕಾದ ಪಾನೀಯದ ವ್ಯವಸ್ಥೆ ಇರಲಿಲ್ಲವೆಂದು ಅವರು ಹೇಳಿದರೆ, ಬೇಡವೆಂದದ್ದು ಅವರೇ ಎಂದು ಒಕ್ಕೂಟ ಹೇಳಿತು. ಯಾರದು ಸರಿ ಎಂಬುದು ನಮ್ಮ ವಿಷಯವಲ್ಲ. ಒಲಿಂಪಿಕ್ ಮಟ್ಟದ ಓಟಗಾರ್ತಿಯನ್ನೂ ಬಿಸಿಲು ಬಿಡುವುದಿಲ್ಲ ಎಂಬುದಷ್ಟೇ ಇಲ್ಲಿಗೆ ಬೇಕಾದ ಮಾತು.

ಹಾಗೆಂದು ಕೊಡಗಟ್ಟಲೆ ಕುಡಿಯುವುದೂ ಅಪಾಯ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಒಬ್ಬ ಯುವತಿ ಸತ್ತದ್ದು ನೀರಿನ ಕೊರತೆಯಿಂದಲ್ಲ, ಅತಿಯಾಗಿ ಕುಡಿದು ರಕ್ತದ ಉಪ್ಪು ತೆಳುವಾದ್ದರಿಂದ. ಅದೇ ಓಟದಲ್ಲಿ ರಕ್ತ ಪರೀಕ್ಷೆಗೆ ಒಪ್ಪಿದ 488 ಮಂದಿಯಲ್ಲಿ ನೂರಕ್ಕೆ 13 ಮಂದಿಗೆ ಉಪ್ಪಿನಂಶ ಇಳಿದಿತ್ತು. ನಿಧಾನವಾಗಿ ಓಡುತ್ತಾ ಪ್ರತಿ ಮೇಜಿನಲ್ಲೂ ನಿಂತು ಕುಡಿಯುವವರಿಗೇ ಈ ತೊಂದರೆ ಹೆಚ್ಚು.

ಹಾಗಾದರೆ ಎಷ್ಟು ಕುಡಿಯಬೇಕು? ತಕ್ಕಡಿಯನ್ನು ಕೇಳಿ. ಓಡುವ ಮೊದಲು ಬರಿಮೈಯಲ್ಲಿ ತೂಗಿಕೊಳ್ಳಿ, ಓಡಿ ಬಂದು ಬೆವರೊರೆಸಿ ಮತ್ತೆ ತೂಗಿಕೊಳ್ಳಿ. 64 ಕಿಲೋ ಇದ್ದದ್ದು 63 ಆಗಿದ್ದು, ನಡುವೆ 300 ಮಿಲಿಲೀಟರ್ ಕುಡಿದಿದ್ದರೆ ಬೆವರು 1.3 ಲೀಟರ್. ತೂಕ ಹೆಚ್ಚಾಗಿದ್ದರೆ ಅತಿಯಾಗಿ ಕುಡಿದಿರಿ ಎಂದರ್ಥ. ಕಳೆದುಕೊಂಡದ್ದನ್ನು ತುಂಬಲು ಬಣ್ಣದ ಬಾಟಲಿಗಳೇ ಆಗಬೇಕೆಂದಿಲ್ಲ. ಉಪ್ಪು-ಇಂಗು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ, ಉಪ್ಪು-ಸಕ್ಕರೆ ಬೆರೆಸಿದ ನಿಂಬೆ ಶರಬತ್ತು, ಊರಿನಿಂದ ತಂದ ಪುನರ್ಪುಳಿ ಸಾರು, ಯಾವುದಾದರೂ ಆದೀತು. ಪ್ಲಾಸ್ಮಾ ಹಿಗ್ಗಲು ನೀರಿನ ಜೊತೆ ಉಪ್ಪೂ ಬೇಕು. ಬಿಪಿ ಇರುವವರು ಮಾತ್ರ ಉಪ್ಪಿನ ವಿಷಯ ಡಾಕ್ಟರನ್ನು ಕೇಳಿಕೊಳ್ಳಲಿ.

ಎಲ್ಲಿ ನಿಲ್ಲಿಸಬೇಕು

2023ರ ಏಪ್ರಿಲ್ 16ನ್ನು ನವಿ ಮುಂಬೈಯವರು ಮರೆತಿಲ್ಲ. ಖಾರ್ಘರ್‌ನ ಬಯಲಿನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭ. ಲಕ್ಷಾಂತರ ಜನ, ಹಲವರು ಹಿಂದಿನ ದಿನವೇ ಬಂದಿದ್ದವರು, ತಲೆಯ ಮೇಲೆ ನೆರಳಿಲ್ಲದೆ ಗಂಟೆಗಟ್ಟಲೆ ಕೂತರು. ಸಮೀಪದಲ್ಲಿ ದಾಖಲಾದ ಉಷ್ಣಾಂಶ 38 ಡಿಗ್ರಿಯ ಆಸುಪಾಸು. 14 ಮಂದಿ ತೀರಿಕೊಂಡರು. ಅವರಲ್ಲಿ ಯಾರೂ ಓಡುತ್ತಿರಲಿಲ್ಲ, ಕೂತಿದ್ದರು ಅಷ್ಟೆ. ಅದೇ ಖಾರ್ಘರ್‌ನ ರಸ್ತೆಗಳಲ್ಲಿ ಬಿಸಿಲಿನ ಅಭ್ಯಾಸಕ್ಕೆ ಹೊರಡುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಡಬೇಕು.

ಜ್ವರ, ಭೇದಿ ಬಂದು ವಾರವಾಗದವರು, ಹಿಂದಿನ ರಾತ್ರಿ ನಿದ್ದೆಗೆಟ್ಟವರು, ಕುಡಿದವರು ಆ ದಿನ ಬಿಸಿಲಿಗೆ ಇಳಿಯಬಾರದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಹೃದಯದ ಬಡಿತ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ವೈದ್ಯರ ಒಪ್ಪಿಗೆ ಇಲ್ಲದೆ ಈ ಗೊಡವೆಗೇ ಹೋಗಬಾರದು. ಶೀತಕ್ಕೆಂದು ಅಂಗಡಿಯಿಂದ ತಂದು ನುಂಗುವ ಕೆಲವು ಮಾತ್ರೆಗಳೂ ಬೆವರನ್ನು ತಡೆಯುತ್ತವೆ. ಮನೆಗೊಬ್ಬರಾದರೂ ಇಂಥ ಮಾತ್ರೆ ನುಂಗುವ ಕಾಲವಿದು, ಆದ್ದರಿಂದ ಈ ಸಾಲುಗಳನ್ನು ಎರಡು ಸಲ ಓದಿ.

ಓಡುತ್ತಿರುವವರು ತೂರಾಡಿದರೆ, ಕೇಳಿದ ಪ್ರಶ್ನೆಗೆ ಅಡ್ಡಾದಿಡ್ಡಿ ಉತ್ತರ ಕೊಟ್ಟರೆ, ಕಾರಣವಿಲ್ಲದೆ ಸಿಟ್ಟಾದರೆ, ಮೈ ಕೆಂಡದಂತಿದ್ದರೆ ಅದು ಸುಸ್ತಲ್ಲ, ಶಾಖಾಘಾತ. ಓಟಗಾರರಲ್ಲಿ ಬೆವರು ಸುರಿಯುತ್ತಿದ್ದರೂ ಶಾಖಾಘಾತ ಆಗಬಹುದು, ‘ಬೆವರು ನಿಂತಿಲ್ಲವಲ್ಲ’ ಎಂದು ಸುಮ್ಮನಿರಬೇಡಿ. ಮೈಯ ಒಳಗಿನ ಉಷ್ಣತೆ 40 ಡಿಗ್ರಿ ದಾಟಿರುತ್ತದೆ, ಅರ್ಧ ಗಂಟೆಯೊಳಗೆ ಇಳಿಸಿದರೆ ಬದುಕುವ ಸಾಧ್ಯತೆ ತುಂಬ ಹೆಚ್ಚು. ವೈದ್ಯರು ಹೇಳುವ ಕ್ರಮ: ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಕಲ್ಯಾಣದ ಟ್ರಾಫಿಕ್ಕಿನಲ್ಲಿ ಬರುವಷ್ಟರಲ್ಲಿ ಕೈಕಟ್ಟಿ ನಿಲ್ಲಬೇಡಿ. ಒಂದು ತಾಡಪಾಲು ಹಾಸಿ ಅದರಲ್ಲಿ ಮಲಗಿಸಿ, ನಾಲ್ಕು ಕಡೆ ಎತ್ತಿ ಹಿಡಿದು, ನೀರು ಮತ್ತು ಮಂಜುಗಡ್ಡೆ ಸುರಿದು ಮೈಗೆ ತಾಗುವಂತೆ ಅಲುಗಿಸುತ್ತಿರಿ. ಮುಖ ನೀರಿನಿಂದ ಮೇಲಿರಲಿ. ಮಂಜುಗಡ್ಡೆ ಎಲ್ಲಿಂದ? ನಮ್ಮ ಊರುಗಳಲ್ಲಿ ಬೆಳಗ್ಗೆ ಎಂಟಕ್ಕೆ ಮೀನು ಮಾರುಕಟ್ಟೆಯಲ್ಲಿ ಬೇಕಾದಷ್ಟಿರುತ್ತದೆ! ಸಿಗದಿದ್ದರೆ ನಲ್ಲಿ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ.

ಪತ್ರ ಬರೆದ ತಾಯಿಗೆ ಇಷ್ಟು: ನಿಮ್ಮ ಮಗನ ಹತ್ತಿರ ಮೂರು ಪ್ರಶ್ನೆ ಕೇಳಿ. ಆ ಎರಡು ವಾರ ಕೋಚ್ ವೇಗ ನೋಡಲು ಹೇಳಿದ್ದಾರೋ ನಾಡಿ ನೋಡಲೋ? ಜೊತೆಗೆ ಯಾರು ಓಡುತ್ತಾರೆ? ಯಾರಾದರೂ ಕುಸಿದರೆ ಮಂಜುಗಡ್ಡೆ ಎಲ್ಲಿಂದ ತರುತ್ತಾರೆ? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಎಂಟು ಗಂಟೆಗೆ ಕಳಿಸಿಕೊಡಿ, ಒಂಬತ್ತೂವರೆಗೆ ಮಜ್ಜಿಗೆ ಸಿದ್ಧ ಮಾಡಿಟ್ಟಿರಿ. ಇಲ್ಲದಿದ್ದರೆ ಅವನು ಐದಕ್ಕೇ ಏಳಲಿ.